ನಾಲ್ಕನೆಯ ನುಡಿ

ನನ್ನ ತಾಯಿಯ ತಂದೆ ಲಕ್ಷ್ಮೇಶ್ವರದ ಒಂದು ಗುಡಿಯಲ್ಲಿ ಪೂಜೆ ಮಾಡಿಕೊಂಡಿದ್ದವರು. ಹರೆಯದಲ್ಲಿ, ನಮ್ಮೂರಿಗೆ ಬಂದು ಬೀಡುಬಿಡುತ್ತಿದ್ದ ಗದಗಿನ ನಾಟಕ ಕಂಪನಿಗೆ ಹಾಡು ಬರೆದುಕೊಟ್ಟಿದ್ದರು. ಎಂಬತ್ತು ದಾಟುವತನಕ ಈ ಸುದ್ದಿ ಅವರ ಹೊಟ್ಟೆಯಲ್ಲೇ ಇತ್ತು. ಆ ಕಾಲದಲ್ಲಿ ಪೂಜೆಯವರ ಮನೆಯ ಮಗ ನಾಟಕದವರ ಸಹವಾಸ ಮಾಡಿದನೆಂದು ಗೊತ್ತಾದರೆ ಗುಡಿಯ ಕೀಲಿಕೈ ಕೈಬಿಟ್ಟು ಹೋಗುತ್ತಿತ್ತು. ಹಾಗಾಗಿ ಅಜ್ಜ ನಾಟಕದ ತಾಲೀಮಿನ ಮನೆಯ ಹೊಸ್ತಿಲು ತುಳಿದವರೇ ಅಲ್ಲ. ದರ್ಶನಕ್ಕೆಂದು ಬರುವ, ಕಂಪನಿಯ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರನ ಕೈಗೆ ಪ್ರಸಾದದ ಜೊತೆ ಹಾಡಿನ ಚೀಟಿಯನ್ನೂ ಇಡುತ್ತಿದ್ದರು. ಪ್ರತಿ ಹಾಡಿನ ಕೊನೆಯ ಸಾಲಿನಲ್ಲಿ ಕಂಪನಿಯ ಮಾಲೀಕನ ಹೆಸರು. ಅದನ್ನೂ ಅಜ್ಜನೇ ಪ್ರಾಸ ಹೊಂದಿಸಿ ಬರೆದದ್ದು. ಎಂಥ ಜಾಣತನ! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆಗೆ, ಗದಗಿನ ಒಂದು ಛಾಪಖಾನೆಯವರು ಹಳೆಯ ನಾಟಕದ ಹಾಡುಗಳ ಪುಸ್ತಕ ತರುತ್ತಾರೆಂಬ ಖಬರು ಬಂತು. ಅಜ್ಜ ಆಗ ನಮಗೆ ಎಲ್ಲವನ್ನೂ ಹೇಳಿ, ಊಟ ಬಿಟ್ಟು ಕೂತರು. ಒಂದೇ ಒಂದು ಹಾಡಿನ ಕೆಳಗಾದರೂ ತಮ್ಮ ಹೆಸರು ಬರಬೇಕು. ನಾನು ಕಲಿಸುತ್ತಿದ್ದ ಶಾಲೆಗೆ ರಜೆ ಹಾಕಿ ಗದಗಿಗೆ ಹೋಗಿ ಕೇಳಿದೆ. ಆ ಕಾಲದಲ್ಲಿ ಹಾಡಿದವರು ಯಾರಾದರೂ ಬದುಕಿದ್ದರೆ, ಹಾಡು ನಿಮ್ಮ ಅಜ್ಜನದೇ ಎಂದು ಅವರಿಂದ ಬರೆಸಿಕೊಂಡು ಬನ್ನಿ ಎಂದರು.

ಮಾಸ್ತರ ಸತ್ತು ಎಷ್ಟೋ ಕಾಲವಾಗಿತ್ತು. ಉಳಿದಿದ್ದವಳು ಶಿರಹಟ್ಟಿಯಲ್ಲಿದ್ದ ಒಬ್ಬ ಮುದುಕಿ, ಕಂಪನಿಯ ನಾಯಕಿ. ಹಾಸಿಗೆ ಹಿಡಿದಿದ್ದಳು. ನಾವು ಹೋದ ದಿನ, ಸತ್ತ ಮಗುವನ್ನು ತಂದು ಗುಡಿಯ ಮುಂದೆ ಇಡುವ ತಾಯಿಯ ಹಾಡನ್ನು ಮಲಗಿದಲ್ಲಿಂದಲೇ ಹಾಡಿದಳು. ಮೂರೂ ನುಡಿ, ಒಂದಕ್ಷರ ಬಿಡದೆ. ಅಜ್ಜ ಕಣ್ಣೊರೆಸಿಕೊಂಡರು.

“ಇವರ ಬರದಿದ್ದು ಇದು,” ಎಂದೆ ನಾನು.

“ನಮ್ಮ ಮಾಲಕರು ಬರದಿದ್ದಲ್ಲವಾ ತಾಯಿ? ಹಾಡಿನಾಗ ಅವರ ಹೆಸರ ಐತಲ್ಲ.” ಅಜ್ಜನ ಮುಖವನ್ನೇ ನೋಡಿದಳು. “ಆಚಾರ್ರ, ತಾಲೀಮಿನಾಗ ನಿಮ್ಮನ್ನ ನಾ ಒಮ್ಮಿನೂ ನೋಡಿಲ್ಲರಿ.”

“ಇನ್ನೊಂದು ನುಡಿ ಅದವಾ,” ಎಂದರು ಅಜ್ಜ, ಅವಸರದಿಂದ. ದೇವರು ಏನೂ ಹೇಳದೆ, ಪೂಜಾರಿ ಬಂದು ಬಾಗಿಲು ಹಾಕಿಕೊಳ್ಳುವ ನುಡಿ. ಜನಕ್ಕೆ ಸೇರುವುದಿಲ್ಲವೆಂದು ಮಾಲೀಕ ಅದನ್ನು ಕತ್ತರಿಸಿ, ತನ್ನ ಹೆಸರಿನ ಸಾಲನ್ನು ಮೂರನೆಯ ನುಡಿಯ ಕೊನೆಗೆ ಹಾಕಿಸಿದ್ದನಂತೆ. ದಿನವೂ ಮಧ್ಯಾಹ್ನ ಆ ಬಾಗಿಲು ಹಾಕುತ್ತಿದ್ದವರು ತಾವೇ ಅಲ್ಲವೇ? ಆ ನುಡಿಯನ್ನು ಹಾಡಿ ತೋರಿಸಿದರು.

ಮುದುಕಿ ಪಾಪ, ಕೈಮುಗಿದಳು. “ಇದು ಆ ಹಾಡಿನಾಗ ಇರಲೇ ಇಲ್ಲರಿ. ಸಾಯೋ ಹೊತ್ತಿನಾಗ ಸುಳ್ಳು ಹೆಂಗ ಬರಸ್ಲಿ?”

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಅಜ್ಜನ ಮೇಲೆಯೇ ಬಂತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಅವರು ಮಾತ್ರ ಆ ನುಡಿಯನ್ನು ಮೆಲ್ಲಗೆ ಗುನುಗುತ್ತ, ನನಗೆ ಬಾಯಿಪಾಠ ಆಗುವತನಕ ಬಿಡಲಿಲ್ಲ.

ಪುಸ್ತಕ ಬಂತು. ಹಾಡಿನ ಕೆಳಗೆ ಮಾಲೀಕನ ಹೆಸರಿತ್ತು. ಮರುವರ್ಷ ಅಜ್ಜ ತೀರಿಕೊಂಡರು. ಹದಿಮೂರನೆಯ ದಿನ ಊಟ ಮುಗಿದ ಮೇಲೆ ಓಣಿಯ ಭಜನೆಯವರು ಪಡಸಾಲೆಯಲ್ಲಿ ಕೂತು, ಪುಸ್ತಕ ತೆರೆದು, ಅದೇ ಹಾಡು ಹಾಡಿದರು. ಅದು ಯಾರ ಹಾಡೆಂದು ಅವರಿಗೇನು ಗೊತ್ತು? ಕೊನೆಯ ಸಾಲಿನಲ್ಲಿ ಮಾಲೀಕನ ಹೆಸರು ಹೇಳಿ ತಾಳ ಕೆಳಗಿಟ್ಟರು. ನಾನು ನಾಲ್ಕನೆಯ ನುಡಿ ಎತ್ತಿದೆ.

ಹಿರಿಯರೊಬ್ಬರು ಕೈಯೆತ್ತಿ ತಡೆದರು. “ತಂಗೀ, ಹಾಡು ಮುಗೀತವಾ.”

ನಾನು ಆ ನುಡಿಯನ್ನು ಅಲ್ಲಿಗೇ ಬಿಟ್ಟೆ.