ಸೇರಿಸದೆ ಬಿಟ್ಟ ಮನೆ

ಈಚೆಗೆ ರಾಯಚೂರಿನ ನಮ್ಮ ಕಚೇರಿಯ ಹಳೆಯ ಕಪಾಟು ಖಾಲಿ ಮಾಡುವಾಗ ಅರ್ಧ ಕಟ್ಟು ಕಾರ್ಬನ್ ಕಾಗದ ಸಿಕ್ಕಿತು. ಯಾಕೋ ಮೂಗಿಗೆ ಹಿಡಿದೆ. ಆ ಎಣ್ಣೆಯಂಥ ನೀಲಿ ವಾಸನೆ... ಪಕ್ಕದ ಟೇಬಲ್ಲಿನ ಹುಡುಗಿ "ಮೇಡಂ, ಅದೇನ್ ಅತ್ತರ್ ಏನ್ರೀ?" ಎಂದು ನಕ್ಕಳು. ನಾನೂ ನಕ್ಕೆ. ಆ ವಾಸನೆಯ ಜೊತೆ ಯಾರು ನೆನಪಾದರೆಂದು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ನಾನು ಮೊದಲು ನೌಕರಿಗೆ ಸೇರಿದ್ದು ದೇವದುರ್ಗದಲ್ಲಿ. ಅಲ್ಲಿ ನಮಗೊಬ್ಬ ಹೆಡ್‌ಕ್ಲರ್ಕ್ ಇದ್ದರು. ಮದುವೆಯಾಗಿರಲಿಲ್ಲ. ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಕೋಣೆ, ಒಂದು ಸ್ಟೋವು, ಒಂದು ರೇಡಿಯೋ. ಸಂಜೆ ನಾವೆಲ್ಲ ಬಸ್ಸಿಗೆ ಓಡುತ್ತಿದ್ದರೆ ಅವರು ಜೋಡಿಸಿಟ್ಟ ಫೈಲುಗಳನ್ನೇ ಮತ್ತೆ ಜೋಡಿಸುತ್ತ ಕೂತಿರುತ್ತಿದ್ದರು. ಟಿಪ್ಪಣಿ ಬರೆಯುವುದನ್ನು ನನಗೆ ಮೂರು ಸಲ ಕಲಿಸಿದರು, ಒಮ್ಮೆಯೂ ಗದರಲಿಲ್ಲ. ಗದರಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಹಾಯಾಗಿರುತ್ತಿದ್ದೆ.

ಸರ್ಕಾರಿ ನೌಕರರು ವರ್ಷಕ್ಕೊಮ್ಮೆ ತಮ್ಮ ಆಸ್ತಿಪಾಸ್ತಿಯ ವಿವರ ಕೊಡಬೇಕು. ಹೊಲ, ಮನೆ, ಬಂಗಾರ, ಸಾಲ, ಯಾವುದು ಹೇಗೆ ಬಂತು, ಎಲ್ಲ. ಈಗ ಕಂಪ್ಯೂಟರಿನಲ್ಲಿ ತುಂಬುತ್ತೇವೆ. ಆಗ ಕಾರ್ಬನ್ ಹಾಕಿ ಎರಡು ಪ್ರತಿ ಬರೆಯಬೇಕಿತ್ತು. ನಮ್ಮಲ್ಲಿ ಒಂದು ಪದ್ಧತಿ. ಹೊಸದಾಗಿ ಬಂದವರಲ್ಲಿ ಅಕ್ಷರ ದುಂಡಗಿದ್ದವರು ಎಲ್ಲರ ನಮೂನೆಯನ್ನೂ ಹಿಂದಿನ ವರ್ಷದ್ದು ನೋಡಿ ನಕಲು ಮಾಡಿಕೊಡುವುದು. ಉಳಿದವರು ಹರಟುತ್ತಲೇ ಸಹಿ ಹಾಕಿ ಹೋಗುತ್ತಿದ್ದರು. ಪೂರ್ತಿ ಓದಿ ಸಹಿ ಹಾಕುತ್ತಿದ್ದವರು ಹೆಡ್‌ಕ್ಲರ್ಕರು ಒಬ್ಬರೇ. ಅವರ ನಮೂನೆಯಲ್ಲಿ ಓದಲಿಕ್ಕೆ ಏನೂ ಇರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಮೇಲಿನಿಂದ ಕೆಳಗಿನವರೆಗೆ ಬರೀ "ಇಲ್ಲ".

ಆ ವರ್ಷ ಬರೆಯುವ ಪಾಳಿ ನನ್ನದು. ಅವರು ನನ್ನ ಟೇಬಲ್ಲಿಗೆ ತಾವೇ ಬಂದು ಒಂದು ಚೀಟಿ ಕೊಟ್ಟರು. "ಪೋತ್ನಾಳದಾಗ ನಮ್ಮಕ್ಕ ಒಬ್ಬಾಕೀನೇ ಇದ್ದಾಳವಾ. ಅರ್ಧ ಮನಿ ನನ್ನ ಹೆಸರಿಗೆ ದಾನಪತ್ರ ಮಾಡ್ಯಾಳ. ರಿಟೈರ್ ಆದ ಮ್ಯಾಲೆ ಅಲ್ಲೇ ಇರ್ತೀನಿ. ಇದನ್ನ ಸೇರಿಸು." ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಚೀಟಿಯನ್ನು ಡ್ರಾಯರಿನಲ್ಲಿಟ್ಟೆ. ಮರೆತೆ. ಹಿಂದಿನ ವರ್ಷದ "ಇಲ್ಲ"ಗಳನ್ನೇ ದುಂಡಗೆ ಇಳಿಸಿದೆ. ಸಹಿಯ ಹೊತ್ತಿಗೆ ಅವರ ಕಣ್ಣಿನ ಆಪರೇಷನ್ ಆಗಿತ್ತು, ಹಸಿರು ಪಟ್ಟಿ ಕಟ್ಟಿಕೊಂಡೇ ಬಂದಿದ್ದರು. ನಾನು ಬೆರಳಿಟ್ಟು ತೋರಿಸಿದ ಕಡೆ ತಡವರಿಸುತ್ತ ಸಹಿ ಹಾಕಿದರು.

"ಮನೀದು ಸೇರಿಸಿದಿ ಹೌದಿಲ್ಲ?"

"ಹೂಂ ಸರ್" ಎಂದೆ. ರಾಯಚೂರಿನ ಬಸ್ಸು ಹೊರಡುವ ಹೊತ್ತಾಗಿತ್ತು, ಅಷ್ಟೇ.

ಕೆಲವು ತಿಂಗಳಿಗೆ ಯಾರೋ ಹೆಸರಿಲ್ಲದ ಅರ್ಜಿ ಹಾಕಿದರು, ಹೆಡ್‌ಕ್ಲರ್ಕರು ಆಸ್ತಿ ಮುಚ್ಚಿಟ್ಟಿದ್ದಾರೆ ಎಂದು. ವಿಚಾರಣೆ ಬಂತು. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ. ಬಾಗಿಲ ಹೊರಗೆ ನಿಂತು, ಈಗ ನನ್ನ ಹೆಸರು ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ಹೇಳಿದ್ದು, "ತಪ್ಪು ನಂದರೀ, ಬರಿಯೂದು ಬಿಟ್ಟೆ." ಹೊರಗೆ ಬಂದವರು ನನ್ನನ್ನು ನೋಡಿ, "ಹೋಗವಾ, ಬಸ್ ತಪ್ತದ" ಎಂದರು. ನಾನು ಹೋದೆ. ನಾಚಿಕೆಯಿಲ್ಲದೆ ಹೋದೆ.

ನಿವೃತ್ತಿಗೆ ಸ್ವಲ್ಪವೇ ದಿನವಿದ್ದಾಗ ಅವರ ಬಡ್ತಿ ತಡೆದರು, ಪಿಂಚಣಿಯ ಕಾಗದ ಎಲ್ಲೆಲ್ಲೋ ಅಲೆಯಿತು. ಅದಾದರೂ ಕೊನೆಗೆ ಸರಿಹೋಯಿತು. ಅವರು ಮಾತ್ರ ಪೋತ್ನಾಳಕ್ಕೆ ಹೋಗಲೇ ಇಲ್ಲ. ತಾನು ಕೊಟ್ಟ ಮನೆಯನ್ನು ತಮ್ಮನೇ ಸರ್ಕಾರದಿಂದ ಮುಚ್ಚಿಟ್ಟ ಎಂದು ಅಕ್ಕ ಮುನಿಸಿಕೊಂಡಿದ್ದಾರೆ ಎಂದು ಕಚೇರಿಯಲ್ಲಿ ಮಾತಾಯಿತು. ನಡೆದದ್ದನ್ನು ಅವರು ಅಕ್ಕನಿಗೆ ಹೇಳಿದ್ದರೆ ಸಾಕಿತ್ತು. ಆದರೆ ಹಾಗೆ ಹೇಳಲು ನನ್ನ ಹೆಸರು ಬಾಯಿಗೆ ತರಬೇಕಿತ್ತು. ಅವರು ಆ ಬಾಡಿಗೆ ಕೋಣೆಯಲ್ಲೇ ಉಳಿದರು, ಅಲ್ಲೇ ತೀರಿಕೊಂಡರು. ಅಷ್ಟರಲ್ಲಿ ನನಗೆ ರಾಯಚೂರಿಗೆ ವರ್ಗವಾಗಿತ್ತು. ಮಣ್ಣಿಗೆ ಬರುತ್ತೀರಾ ಎಂದು ಫೋನ್ ಬಂದಾಗ ಮಗಳ ಪರೀಕ್ಷೆಯ ನೆವ ಹೇಳಿದೆ...

ಕಾರ್ಬನ್ ಸಿಕ್ಕ ಮುಂದಿನ ಭಾನುವಾರ ಪೋತ್ನಾಳಕ್ಕೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದರು. ತಮ್ಮನ ಕಚೇರಿಯವಳು ಎಂದೊಡನೆ ಚಾಪೆ ಹಾಸಿದರು.

"ನನ್ನ ಮನಿ ಅವಂಗ ಬ್ಯಾಡಾಗಿತ್ತವಾ. ಸರ್ಕಾರಕ್ಕ ಬರದು ಕೊಡಾಕೂ ಮನಸ್ಸು ಬರ್ಲಿಲ್ಲ. ಹೆಣ್ಮಗಳ ಋಣ ಯಾಕ ಅಂದಿರಬೇಕು. ಇಷ್ಟು ವರ್ಸ ಅದನ್ನೇ ವಿಚಾರ ಮಾಡಾಕತ್ತೀನಿ."

"ಇಲ್ಲ ಯವ್ವಾ. ಸೇರಿಸು ಅಂತ ಚೀಟಿ ಬರದು ಕೊಟ್ಟಿದ್ರು. ನಾ ಮರ್ತೆ. ಸೇರಿಸೀನಿ ಅಂತ ಸುಳ್ಳೂ ಹೇಳ್ದೆ. ನನ್ನ ನೌಕ್ರಿ ಹೋಗ್ತದಂತ ಅವರು ಬಾಯಿ ಬಿಡ್ಲಿಲ್ಲ."

ಅವರ ಕೈ ಮೊರದ ಮೇಲೆ ನಿಂತಿತು. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ಕೂತೆ. ಮೊರ ಬದಿಗಿಟ್ಟು ಕೇಳಿದರು, "ಹಂಗಾರ ಅವ ಬರಾವ ಇದ್ದ?"

"ಹೌದು ಯವ್ವಾ. ನಗ್ತಾ ಹೇಳಿದ್ರು."

"ಅವ ಇದ್ದಾಗ ಬಂದು ಹೇಳಿದ್ರ, ನಾನೇ ಹೋಗಿ ಕರ್ಕೊಂಡು ಬರ್ತಿದ್ದೆ."

ಇಷ್ಟೇ ಅಂದರು. ಎದ್ದು ಒಳಗೆ ಹೋಗಿ ನನಗೆ ನೀರು ತಂದುಕೊಟ್ಟರು.