ಕೋಟಿನ ಜೇಬಿನಲ್ಲಿ ಐವರು ರಾಣಿಯರು

ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ವ್ಯಾನಿನ ಕೆಲವು ಪಾರ್ಸೆಲ್‌ಗಳಿಗೆ ಕೆಂಪು ಉಣ್ಣೆಯ ದಾರ ಕಟ್ಟಿರುತ್ತಿತ್ತು. ಎಲ್ಲಕ್ಕೂ ಅಲ್ಲ, ಅಲ್ಲೊಂದು ಇಲ್ಲೊಂದಕ್ಕೆ. ನಮ್ಮ ಕಡೆ ಕೂಸುಗಳಿಗೆ ದೃಷ್ಟಿಯಾಗದಿರಲೆಂದು ಕೈಗೆ ಕೆಂಪು ದಾರ ಕಟ್ಟುವುದುಂಟು. ಸರಿ, ವ್ಯಾನಿಗೆ ಸರಕು ತುಂಬುವ ಹೆಂಗಸಿಗೆ ಹೊಸ ಹುಡುಗನ ಮೇಲೆ ಮಮತೆ ಹುಟ್ಟಿರಬೇಕು ಎಂದುಕೊಂಡೆ. ನಮ್ಮ ಪಿರೋತ್ ಊರಿನವರು ಜಿಪುಣರೆಂದು ಇಡೀ ಸರ್ಬಿಯಾ ನಗುತ್ತದೆ. ನಗಲಿ, ಒಳ್ಳೆಯ ದಾರವನ್ನು ಎಸೆಯುವ ಜನ ನಾವಲ್ಲ. ಒಂದೊಂದನ್ನೇ ಬಿಚ್ಚಿ ನನ್ನ ಮುಂಗೈಗೆ ಕಟ್ಟಿಕೊಂಡೆ. ಶುಕ್ರವಾರದ ಹೊತ್ತಿಗೆ ಮದುಮಗನ ಹಾಗೆ ಕಾಣುತ್ತಿದ್ದೆ. ಅದೇ ಶುಕ್ರವಾರ ಒಂದು ನಾಯಿ ನನ್ನ ಪ್ಯಾಂಟಿನ ಹಿಂಭಾಗವನ್ನು ಕಿತ್ತುಕೊಂಡು ಹೋಯಿತು.

ಸಂಜೆ ಹಿಂಭಾಗವನ್ನು ಕೈಯಲ್ಲಿ ಮುಚ್ಚಿಕೊಂಡು ಕೊರಿಯರ್ ಡಿಪೋಗೆ ಮರಳಿದಾಗ ಆ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ದಾರ ಕಟ್ಟಿದ್ನಲ್ಲೋ, ನೋಡ್ಲಿಲ್ವಾ?"

"ನೋಡ್ದೆ ಅಕ್ಕಾ. ಒಂದೂ ಕಳೆದಿಲ್ಲ, ಎಲ್ಲಾ ಇಲ್ಲೇ ಇದೆ," ಎಂದು ಹೆಮ್ಮೆಯಿಂದ ಕೈ ಚಾಚಿದೆ.

ಆಕೆ ನನ್ನ ಮುಂಗೈ ನೋಡಿದಳು, ಮುಖ ನೋಡಿದಳು, ತಿರುಗಿಸಿ ಪ್ಯಾಂಟನ್ನೂ ನೋಡಿದಳು. "ಕೆಂಪು ದಾರ ಅಂದ್ರೆ ಕಚ್ಚೋ ನಾಯಿ ಇರೋ ಮನೆ ಕಣೋ ಮಗಾ. ವಾರವೆಲ್ಲಾ ನೀನು ಊರಿನ ನಾಯಿಗಳನ್ನ ಕೈಗೆ ಕಟ್ಕೊಂಡು ಓಡಾಡಿದೀಯ."

ನನ್ನ ಹೆಸರು ವೂಕಾಶಿನ್. ತೋಳದಿಂದ ಬಂದ ಹೆಸರು. ಅದಾದ ಮೇಲೆ ಬಹಳ ದಿನ ಡಿಪೋದಲ್ಲಿ ಯಾರೂ ನನ್ನನ್ನು ಆ ಹೆಸರಿನಿಂದ ಕರೆಯಲಿಲ್ಲ.

ಆಕೆಯ ಹೆಸರು ಸ್ತಾನಿಯಾ. ಡ್ರೈವರುಗಳಿಗೆಲ್ಲ ಸ್ತಾನಿಯಕ್ಕ. ಐವತ್ತಾರರ ವಯಸ್ಸು, ಬಾಗಿಲ ಚೌಕಟ್ಟಿನಷ್ಟು ಎತ್ತರ, ಗಂಟಲು ಅದಕ್ಕಿಂತ ದೊಡ್ಡದು. ಹುಡುಗಿಯಾಗಿದ್ದಾಗಿನಿಂದ ಊರಿನ ಸ್ವೆಟರ್ ಕಾರ್ಖಾನೆಯಲ್ಲಿ ಡಬ್ಬ ತುಂಬುವ ಕೆಲಸ ಮಾಡಿದವಳು. ಕಾರ್ಖಾನೆ ಮುಚ್ಚಿದಾಗ ಕೊನೆಯ ಸಂಬಳಕ್ಕೆ ಬದಲಾಗಿ ಉಣ್ಣೆಯ ಉಂಡೆಗಳನ್ನು ಕೊಟ್ಟು ಕಳಿಸಿದರಂತೆ, ಎಲ್ಲವೂ ಕೆಂಪು. "ನಾನು ಸಾಯೋವರೆಗೂ ಸಾಕು. ನಾಯಿಗಳೇ ಮೊದಲು ಮುಗೀಬೇಕು" ಎನ್ನುತ್ತಾಳೆ. ಆಮೇಲೆ ಸ್ವಲ್ಪ ಕಾಲ ಸಂತೆಯಲ್ಲಿ ಮೆಣಸಿನಕಾಯಿ ಮಾರಿದಳು. ಒಂದು ದಿನ ನಮ್ಮ ಡಿಪೋದ ಗೇಟಿನಲ್ಲಿ "ಬಲಶಾಲಿ ಗಂಡಸರು ಬೇಕಾಗಿದ್ದಾರೆ" ಎಂಬ ಬೋರ್ಡು ಕಂಡು ಒಳಗೆ ಹೊರಟಳು. ಕಾವಲುಗಾರ "ಓದೋಕೆ ಬರಲ್ವಾ?" ಎಂದು ಕೇಳಿದನಂತೆ. ಆಕೆ ಅವನನ್ನು ಕುರ್ಚಿ ಸಮೇತ ಎತ್ತಿ ಪಕ್ಕಕ್ಕಿಟ್ಟು ಒಳಗೆ ನಡೆದಳೆಂದು ಪ್ರತೀತಿ. ಕಾವಲುಗಾರ ಇದನ್ನು ಒಪ್ಪುವುದಿಲ್ಲ. ಆದರೆ ಆಕೆ ಬಂದರೆ ಇವತ್ತಿಗೂ ಎದ್ದು ನಿಲ್ಲುತ್ತಾನೆ.

ಡ್ರೈವರಿಗೂ ಸರಕು ತುಂಬುವವರಿಗೂ ಇರುವುದು ವಿಚಿತ್ರ ನೆಂಟಸ್ತನ. ಬೆಳಕು ಹರಿಯುವ ಮುಂಚೆ ನಿಶ್ ನಗರದಿಂದ ದೊಡ್ಡ ಲಾರಿ ಬರುತ್ತದೆ. ಆಕೆ ಅದನ್ನು ಇಳಿಸಿ ನಮ್ಮ ವ್ಯಾನುಗಳಿಗೆ ತುಂಬುತ್ತಾಳೆ. ನಾವು ಬಂದು ಒಂದು ಸಿಗರೇಟು ಸೇದುವಷ್ಟು ಹೊತ್ತು ಜಗಳವಾಡಿ ಹೊರಡುತ್ತೇವೆ. ಹಗಲು ಆಕೆ ಮನೆಯಲ್ಲಿ, ನಾವು ಬೀದಿಯಲ್ಲಿ. ಸಂಜೆ ಹೊರ ಹೋಗುವ ಸರಕು ತುಂಬಲು ಆಕೆ ಮತ್ತೆ ಬಂದಾಗ ನಾವು ದಿನದ ಕಥೆ ಒಪ್ಪಿಸಬೇಕು. ಯಾವ ಗೇಟು ಬದಲಾಯಿತು, ಯಾವ ಮುದುಕಿಗೆ ಕಿವಿ ಕೇಳುತ್ತಿಲ್ಲ, ಯಾರ ಮನೆಗೆ ಹೊಸ ನಾಯಿ ಬಂತು ಎಲ್ಲವನ್ನೂ. ಮರುದಿನ ಅದರ ಪ್ರಕಾರ ವ್ಯಾನು ತುಂಬಿರುತ್ತದೆ. ಯಾವನಾದರೂ ಕಥೆ ಒಪ್ಪಿಸದೆ ಸೋಮಾರಿತನ ಮಾಡಿದರೆ ಅವನ ಮೊದಲ ಗಿರಾಕಿಯ ಪಾರ್ಸೆಲ್ ಮರುದಿನ ವ್ಯಾನಿನ ತಳದಲ್ಲಿ, ವಾಷಿಂಗ್ ಮೆಷಿನ್ನಿನ ಹಿಂದೆ ಇರುತ್ತದೆ. ಆಕೆ ಬೈಯುವುದು ಹೀಗೆ.

ಒಂದು ವಿಷಯದಲ್ಲಿ ಮಾತ್ರ ಆಕೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ವಸಂತದಲ್ಲಿ ನಮ್ಮ ಕಡೆ ಜೀವವಿರುವ ಪಾರ್ಸೆಲ್‌ಗಳು ಬರುತ್ತವೆ: ಕೋಳಿಮರಿ, ಮೀನುಮರಿ, ಎಲ್ಲಕ್ಕಿಂತ ಹೆಚ್ಚಾಗಿ ರಾಣಿಜೇನು. ಬೆರಳುದ್ದದ ಪುಟ್ಟ ಗೂಡು, ಅದರಲ್ಲಿ ಒಬ್ಬ ರಾಣಿ, ಸೇವೆಗೆ ನಾಲ್ಕಾರು ಕೆಲಸಗಾರ ನೊಣಗಳು, ತಿನ್ನಲು ಸಕ್ಕರೆ ಮುದ್ದೆ. ಇಂಥ ಗೂಡುಗಳನ್ನು ತೂತಿರುವ ಲಕೋಟೆಯಲ್ಲಿಟ್ಟು ಕಳಿಸುತ್ತಾರೆ. ಹೊಸ ನಿಯಮದಂತೆ ಬೆಲೆಬಾಳುವುದೆಲ್ಲ ವ್ಯಾನಿನ ಹಿಂದಿರುವ ಬೀಗದ ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು. ಹಿಂದಿನ ವರ್ಷ ಆ ಪೆಟ್ಟಿಗೆ ಬಿಸಿಲಿಗೆ ಕಾದು ಒಂದು ಟ್ರೇ ಕೋಳಿಮರಿಗಳು ಸತ್ತಿದ್ದವು. ಅಂದಿನಿಂದ ಸ್ತಾನಿಯಕ್ಕ ಜೀವವಿರುವುದನ್ನು ಡ್ರೈವರಿನ ಪಕ್ಕದಲ್ಲೇ ಇಡುತ್ತಿದ್ದಳು. "ಉಸಿರಾಡೋದು ಉಸಿರಾಡೋರ ಹತ್ರ ಇರ್ಲಿ."

ಡಿಪೋದ ಮೇಲ್ವಿಚಾರಕ ಮ್ಲಾದೆನ್ ಕೆಟ್ಟವನಲ್ಲ, ಆದರೆ ಮೇಲಿನಿಂದ ಬಂದ ನಿಯಮ ಅವನ ಕುತ್ತಿಗೆಯ ಮೇಲಿತ್ತು. ಏಪ್ರಿಲ್‌ನಲ್ಲಿ ಎಲ್ಲರೆದುರೇ ಹೇಳಿದ: "ಸ್ತಾನಿಯಕ್ಕ, ಇನ್ನೊಂದ್ಸಲ ಏನಾದ್ರೂ ಮುಂದಿನ ಸೀಟಲ್ಲಿ ಸಿಕ್ರೆ ನಿಮ್ಮನ್ನ ಮನೆಗೆ ಕಳಿಸ್ಬೇಕಾಗತ್ತೆ. ತಮಾಷೆ ಅಲ್ಲ."

ಉತ್ತರಿಸದೆ ನಿಂತ ಸ್ತಾನಿಯಕ್ಕನನ್ನು ನಾವು ಅದೇ ಮೊದಲು ಕಂಡಿದ್ದು. ಪಿರೋತಿನಲ್ಲಿ ಆ ವಯಸ್ಸಿನ ಹೆಂಗಸಿಗೆ ಯಾರು ಕೆಲಸ ಕೊಡುತ್ತಾರೆ?

ಮೇ ತಿಂಗಳ ಒಂದು ಮುಂಜಾನೆ ನಾನು ವ್ಯಾನು ಹತ್ತುವಾಗ ಮ್ಲಾದೆನ್ ಆಕೆಯ ಪಕ್ಕದಲ್ಲೇ ನಿಂತು ಏನೋ ಮಾತಾಡುತ್ತಿದ್ದ. ಅವನ ಬೆನ್ನ ಹಿಂದಿನಿಂದ ಸ್ತಾನಿಯಕ್ಕ ನನ್ನನ್ನೇ ದಿಟ್ಟಿಸಿ ಎಡ ಎದೆಯನ್ನು ಮೆಲ್ಲಗೆ ತಟ್ಟಿದಳು, ಮತ್ತೊಮ್ಮೆ ತಟ್ಟಿದಳು. ಇಷ್ಟು ದಿನ ಬೈದ ಬಾಯಿ, ಇವತ್ತು ಎದೆಗೆ ಕೈ! ನಾನೂ ಎದೆಗೆ ಕೈಯಿಟ್ಟು ತಲೆ ಬಾಗಿಸಿದೆ. ಆಕೆ ಯಾಕೋ ಕಣ್ಣು ಮುಚ್ಚಿಕೊಂಡಳು.

ಗೇಟು ದಾಟುವಾಗ ಬೆಟ್ಟದ ಹಳ್ಳಿಗಳಿಗೆ ಹೋಗುವ ಸ್ರೆಟೆನ್ ಕೈ ಅಡ್ಡ ಹಾಕಿದ. ಅವನದು ನೂರಿಪ್ಪತ್ತು ಕಿಲೋ ದೇಹ, ಮಗುವಿನ ಮುಖ. "ಲೋ, ಮೇಲೆ ಮಂಜು ಬಿದ್ದಿದೆಯಂತೆ. ನನ್ ಕೋಟು ಒಗೆಯೋಕೆ ಹಾಕಿದೀನಿ. ನಿಂದು ಕೊಡೋ." ಸೀಟಿನ ಹಿಂದೆ ನೇತು ಹಾಕಿದ್ದ ಕಂಪನಿಯ ಕೋಟನ್ನು ಹಾಗೇ ತೆಗೆದುಕೊಟ್ಟೆ. ಸವೆದೀತೆಂದು ನಾನೇ ಹಾಕಿಕೊಳ್ಳದ ಕೋಟು ಅದು. ಸ್ತಾನಿಯಕ್ಕನ ಪ್ರೀತಿಯಿಂದ ಹೃದಯ ಕರಗಿತ್ತಲ್ಲ.

ಮಧ್ಯಾಹ್ನದ ಮುಂಚೆ ಫೋನು ಬಂತು. ಕ್ರುಪಾತ್ಸ್ ಹಳ್ಳಿಯ ಜೇನು ಸಾಕುವ ತಿಹೋಮಿರ್. "ನನ್ನ ರಾಣೀರೆಲ್ಲಿದಾರಪ್ಪಾ? ನಿನ್ನ ವ್ಯಾನಲ್ಲಿವೆ ಅಂತ ಮೊಬೈಲಲ್ಲಿ ತೋರಿಸ್ತಿದೆ. ಇಲ್ಲಿ ನನ್ನ ಜೇನುಪೆಟ್ಟಿಗೆಗಳು ರಾಣಿ ಇಲ್ದೆ ಅಳ್ತಾ ಕೂತಿವೆ. ಸಂಜೆವರೆಗೆ ನೋಡ್ತೀನಿ, ಆಮೇಲೆ ನಿಮ್ಮ ಸಾಹೇಬ್ರಿಗೆ ಫೋನ್ ಮಾಡ್ತೀನಿ."

ಕಬ್ಬಿಣದ ಪೆಟ್ಟಿಗೆ ತೆಗೆದೆ, ಖಾಲಿ. ವ್ಯಾನಿನ ಒಳಗೆಲ್ಲ ಹುಡುಕಿ ಬೆವತು ಸ್ತಾನಿಯಕ್ಕನ ಮನೆಗೆ ಫೋನು ಮಾಡಿದೆ.

"ಮ್ಲಾದೆನ್ ಪಕ್ಕದಲ್ಲಿದ್ದ, ಕೂಗೋಕಾಗ್ಲಿಲ್ಲ. ಅದಕ್ಕೇ ಎದೆ ತಟ್ಟಿ ತೋರಿಸಿದ್ನಲ್ಲೋ!" ಎಂದಳು. "ಕೋಟಿನ ಎಡ ಜೇಬು."

ನಾನು ತಿರುಗಿ ಸೀಟಿನ ಹಿಂದಿನ ಖಾಲಿ ಕೊಕ್ಕೆ ನೋಡಿದೆ.

"ಕೋಟೆಲ್ಲಿ?"

"ಸ್ರೆಟೆನ್‌ಗೆ ಕೊಟ್ಟೆ."

"ಹುಟ್ಟಿದಾಗಿನಿಂದ ಯಾರಿಗೂ ಒಂದು ಕಡ್ಡಿ ಕೊಟ್ಟೋನಲ್ಲ ನೀನು! ಇವತ್ತೇ ಕೊಡ್ಬೇಕಿತ್ತಾ?"

ಸ್ರೆಟೆನ್‌ಗೆ ಫೋನು ಮಾಡಿದರೆ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ನಾನು ನೇರ ಸ್ತಾನಿಯಕ್ಕನ ಮನೆ ಮುಂದೆ ವ್ಯಾನು ನಿಲ್ಲಿಸಿದೆ. ಆಕೆ ಅಡುಗೆಯ ಏಪ್ರನ್ನಿನಲ್ಲೇ ಹತ್ತಿ ಕುಳಿತಳು. ವ್ಯಾನಿನಲ್ಲಿ ಬೇರೆ ಯಾರನ್ನೂ ಕೂರಿಸಬಾರದೆಂಬ ನಿಯಮವೂ ಇದೆ. ಅದು ಆಗ ನನಗೆ ನೆನಪಾಗಲಿಲ್ಲ.

"ಬೆಟ್ಟದ ದಾರಿ ಹಿಡಿ. ಊಟದ ಹೊತ್ತಿಗೆ ಅವ್ನು ಕಲ್ಲಿನ ಬುಗ್ಗೆ ಹತ್ರ ನಿಲ್ಸಿರ್ತಾನೆ."

"ಅಕ್ಕಾ, ಇನ್ನೊಂದು ವಿಷ್ಯ," ಎಂದೆ. ಹೇಳದೆ ಇರಲಾಗಲಿಲ್ಲ. "ಸ್ರೆಟೆನ್‌ಗೆ ಬೆನ್ನು ನೋವು. ಕೋಟು ಹಾಕ್ಕೊಳ್ಳೋದು ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ಮಡಚಿ ಅಡಿಗಿಟ್ಕೊಂಡು ಕೂರ್ತಾನೆ."

ಸ್ತಾನಿಯಕ್ಕ ಶಿಲುಬೆ ಗುರುತು ಹಾಕಿಕೊಂಡಳು. "ಪಿರೋತಿನಲ್ಲಿ ಚಪ್ಪಟೆ ಒತ್ತೋದು ಸಾಸೇಜ್ ಒಂದೇ ಆಗಿರ್ಲಿ ದೇವರೇ." ಚಪ್ಪಟೆ ಒತ್ತಿ ಒಣಗಿಸಿದ ಮಾಂಸದ ಸಾಸೇಜಿಗೆ ನಮ್ಮೂರು ಹೆಸರುವಾಸಿ.

ಊರು ದಾಟುವಾಗ ಆಕೆ ಕಿಟಕಿಗೆ ಮುಖವೊತ್ತಿ ಕುಳಿತಿದ್ದಳು. ಎಷ್ಟೋ ವರ್ಷಗಳಿಂದ ಈ ಬೀದಿಗಳಿಗೆ ಸರಕು ತುಂಬಿದವಳು ವ್ಯಾನಿನಲ್ಲಿ ಕುಳಿತು ಅವನ್ನು ನೋಡಿದ್ದು ಇದೇ ಮೊದಲು. "ಹಸಿರು ಗೇಟು. ಇದು ಕಿವಿ ಕೇಳದ ಮುದುಕಿದಾ? ... ತಡಿ, ತಡಿ, ನಿನ್ನ ಪ್ಯಾಂಟು ಹರಿದ ನಾಯಿ ಇದೇನಾ?" ಬೇಲಿಯ ಹಿಂದೆ ಬೆಕ್ಕಿಗಿಂತ ಸ್ವಲ್ಪ ದೊಡ್ಡದೊಂದು ಬಿಳಿ ನಾಯಿ ಬೊಗಳುತ್ತಿತ್ತು. ಆಕೆ ನನ್ನ ಕಡೆ ತಿರುಗಿದಳು. "ಕರಡಿಯಷ್ಟಿದೆ ಅಂದಿದ್ಯಲ್ಲೋ!"

"ಆಗ ಇತ್ತು," ಎಂದೆ.

ನಕ್ಕಳು, ಆದರೆ ಅರ್ಧಕ್ಕೇ ನಿಲ್ಲಿಸಿದಳು. ತಿರುವುಗಳು ಶುರುವಾದ ಮೇಲೆ ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಕೊನೆಗೆ, "ಸಂತೆ ಕಟ್ಟೆ ಮೇಲೆ ಚಳೀಲಿ ಕೂರೋಕೆ ಈ ಮಂಡಿ ಕೈಲಿ ಇನ್ನಾಗಲ್ಲ" ಎಂದಳು. ನನಗಲ್ಲ, ಕಿಟಕಿಗೆ.

ಕಲ್ಲಿನ ಬುಗ್ಗೆಯ ಬಳಿ ಸ್ರೆಟೆನ್‌ನ ವ್ಯಾನು ನಿಂತಿತ್ತು, ಬಾಗಿಲೆಲ್ಲ ಹಾರುಹೊಡೆದಿತ್ತು. ಸ್ರೆಟೆನ್ ಅದರಿಂದ ದೂರದಲ್ಲಿ, ಬರೀ ಅಂಗಿಯಲ್ಲಿ ನಡುಗುತ್ತ, ಬಂಡೆಯ ಮೇಲೆ ಕುಳಿತು ಸಾಸೇಜು ತಿನ್ನುತ್ತಿದ್ದ. ಕೋಟು ಕಾಣಲಿಲ್ಲ.

ಸ್ತಾನಿಯಕ್ಕ ವ್ಯಾನು ಪೂರ್ತಿ ನಿಲ್ಲುವ ಮುಂಚೆಯೇ ಇಳಿದಿದ್ದಳು. "ಎದ್ದೇಳೋ! ಯಾತರ ಮೇಲೆ ಕೂತಿದೀಯ?"

"ಕಲ್ಲಿನ ಮೇಲೆ," ಎಂದ ಸ್ರೆಟೆನ್ ಗಾಬರಿಯಿಂದ.

"ಕೋಟು?"

ಅವನು ಮೇಲಕ್ಕೆ ಬೆರಳು ತೋರಿಸಿದ. ಪ್ಲಮ್ ಮರದ ಕೊಂಬೆಯಲ್ಲಿ, ನೆರಳಿನಲ್ಲಿ, ನನ್ನ ಕೋಟು ತೋಳು ಚಾಚಿ ನೇತಾಡುತ್ತಿತ್ತು.

"ಅದರೊಳಗೆ ಏನೋ ಗುಂಯ್ ಅಂತು ಅಕ್ಕಾ. ಅಡಿಗಿಟ್ಕೊಂಡು ಕೂರೋಣ ಅಂತ ಮಡಚ್ತಿದ್ದೆ, ಗುಂಯ್ ಅಂತು! ಚಿಕ್ಕೋನಿದ್ದಾಗ ಕಣಜ ಕಚ್ಚಿ ಮುಖ ಕುಂಬಳಕಾಯಿ ಆಗಿತ್ತು ನಂಗೆ. ಕೋಲಲ್ಲಿ ಎತ್ಕೊಂಡು ಹೋಗಿ ಅಲ್ಲಿ ಹಾಕ್ದೆ. ಆಗಿನಿಂದ ವ್ಯಾನ್ ಒಳಗೂ ಹೋಗಿಲ್ಲ."

ಸ್ತಾನಿಯಕ್ಕ ಕೋಟನ್ನು ಕೂಸಿನ ಹಾಗೆ ಇಳಿಸಿ, ಲಕೋಟೆ ತೆಗೆದು ಕಿವಿಗಿಟ್ಟುಕೊಂಡಳು. ನಾವಿಬ್ಬರೂ ಉಸಿರು ಬಿಗಿಹಿಡಿದು ಆಕೆಯ ಮುಖ ನೋಡುತ್ತಿದ್ದೆವು. ಆಮೇಲೆ ಆಕೆ ಹೋಗಿ ಸ್ರೆಟೆನ್‌ನ ಎರಡೂ ಕೆನ್ನೆಗೆ ಮುತ್ತಿಟ್ಟು, ಅವನ ಕೈಯಲ್ಲಿದ್ದ ಸಾಸೇಜನ್ನು ಕಿತ್ತು ತಾನು ತಿಂದಳು.

ಕ್ರುಪಾತ್ಸ್‌ನಲ್ಲಿ ತಿಹೋಮಿರ್ ಗೂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಐವರು ರಾಣಿಯರೂ ಚುರುಕಾಗಿ ಓಡಾಡುತ್ತಿದ್ದರು. ಹೇಗೆ ತಂದಿರಿ ಎಂದು ಕೇಳಿದ. ನೆಮ್ಮದಿ ಹೆಚ್ಚಾದರೆ ನಾಲಿಗೆಗೆ ಲಗಾಮಿರುವುದಿಲ್ಲ. ಅವನು ಕೊಟ್ಟ ರಾಕಿಯಾ ಸಾರಾಯಿಯೂ ಸೇರಿ ಸ್ತಾನಿಯಕ್ಕ ಜೇಬಿನಿಂದ ಹಿಡಿದು ಪ್ಲಮ್ ಮರದವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಅವನು ತೊಡೆ ತಟ್ಟಿ ನಕ್ಕ. ಎಷ್ಟು ಸಂತೋಷವಾಯಿತೆಂದರೆ ಮರುದಿನ ಬೆಳಗ್ಗೆ ಮ್ಲಾದೆನ್‌ಗೆ ಫೋನು ಮಾಡಿ ಕೃತಜ್ಞತೆ ಹೇಳಿದ. ಅದೇ ಆಪತ್ತು.

ಮ್ಲಾದೆನ್ ಫೋನು ಹಿಡಿದೇ ಹೊರಗೆ ಬಂದ. ಪಾರ್ಸೆಲ್ ಸಾಗಿಸುವ ಬೆಲ್ಟು ನಿಂತಿತ್ತು, ಎಲ್ಲರೂ ಅಲ್ಲೇ ಇದ್ದೆವು.

"ರಾಣಿಜೇನನ್ನ ಕೋಟಿನ ಜೇಬಲ್ಲಿ ಇಟ್ಟಿದ್ಯಾರು?"

"ನಾನು," ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

"ಸುಳ್ಳು," ಎಂದಳು ಸ್ತಾನಿಯಕ್ಕ. "ಇವ್ನಿಗೆ ಜೇಬು ಯಾವ ಕಡೆ ಇದೆ ಅಂತಾನೇ ಗೊತ್ತಿಲ್ಲ. ನಾನೇ ಇಟ್ಟೆ."

ಮ್ಲಾದೆನ್ ಆಕೆಯನ್ನು ನೋಡಿದ, ನೆಲ ನೋಡಿದ, ಕತ್ತು ತುರಿಸಿಕೊಂಡ. "ಆ ಮನುಷ್ಯ ಇಪ್ಪತ್ತು ವರ್ಷದಿಂದ ರಾಣೀರನ್ನ ತರಿಸ್ತಿದಾನಂತೆ. ಐದಕ್ಕೆ ಐದೂ ಬದುಕಿ ಬಂದಿದ್ದು ಇದೇ ಮೊದಲಂತೆ. ಕಣಿವೆಯ ಜೇನು ಸಾಕೋರೆಲ್ಲ ಇನ್ಮೇಲೆ ನಮ್ಮಲ್ಲೇ ತರಿಸ್ತಾರಂತೆ." ಫೋನನ್ನು ಜೇಬಿಗಿಟ್ಟು ಹೇಳಿದ: "ಮೇಲಿನೋರಿಗೆ ನಾನು ಬರೀತೀನಿ. ಜೀವ ಇರೋದು ಡ್ರೈವರ್ ಪಕ್ಕ ಇರ್ಲಿ. ಆದ್ರೆ ಜೇಬಲ್ಲಿ ಬೇಡ ಸ್ತಾನಿಯಕ್ಕ, ಒಂದು ಮರದ ಡಬ್ಬ ಮಾಡಿಸ್ತೀನಿ. ಈಗ ಬೆಲ್ಟ್ ಹಾಕಿ."

ಬೆಲ್ಟು ಶುರುವಾಯಿತು. ಸ್ರೆಟೆನ್ ಗಟ್ಟಿಯಾಗಿ ಉಸಿರು ಬಿಟ್ಟ ಸದ್ದು ಅದರ ಮೇಲೂ ಕೇಳಿಸಿತು. ಸ್ತಾನಿಯಕ್ಕ ಒಂದು ರಟ್ಟಿನ ಡಬ್ಬದ ಮೇಲೆ ಕುಳಿತು, ಕೈಗವಸು ತೆಗೆದು ಮುಖ ಒರೆಸಿಕೊಂಡು, ಮತ್ತೆ ಎದ್ದಳು. ನಾನು ನನ್ನ ವ್ಯಾನಿನ ಬಳಿ ಆಕೆಗೆ ಪೆಟ್ಟಿಗೆಗಳನ್ನು ಎತ್ತಿ ಕೊಡುತ್ತ ನಿಂತೆ, ಡ್ರೈವರುಗಳು ಮಾಡುವ ಕೆಲಸವಲ್ಲ ಅದು. ಒಂದು ಪ್ರಶ್ನೆ ಬಾಯಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ಕೊನೆಗೆ ಕೇಳಿಯೇಬಿಟ್ಟೆ.

"ಅಕ್ಕಾ, ಸ್ರೆಟೆನ್ ಅದರ ಮೇಲೆ ಕೂತ್ಬಿಟ್ಟಿದ್ರೆ? ಐದೂ ಸತ್ತಿದ್ರೆ? ಆಗ್ಲೂ ನೀವೇ ಇಟ್ಟಿದ್ದು ಅಂತ ಒಪ್ಕೊಳ್ತಿದ್ರಾ?"

ಆಕೆ ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ವ್ಯಾನಿನೊಳಗೆ ಅದರ ಜಾಗಕ್ಕೆ ಒತ್ತಿ ಕೂರಿಸಿದಳು.

"ಇಲ್ಲ. ಕೋಟು ನಿಂದು, ನೀನೇ ಇಟ್ಟೆ ಅಂತಿದ್ದೆ. ನಿಂಗಿನ್ನೂ ಚಿಕ್ಕ ವಯಸ್ಸು, ಬೇರೆ ಕೆಲ್ಸ ಸಿಗತ್ತೆ. ನಂಗೆ ಸಿಗಲ್ಲ."