ಬಾವಿಬೀದಿಯ ಮೂರನೇ ಮನೆ

ಇವತ್ತು ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಹಾಲಿನ ಪ್ಯಾಕೆಟ್ಟು ಗೇಟಿಗೆ ನೇತುಹಾಕಿದ ಚೀಲದಲ್ಲಿತ್ತು. ಡಿಕಾಕ್ಷನ್ ಇಳಿಯದೆ ಫಿಲ್ಟರಿನ ನೆತ್ತಿಗೆ ಎರಡು ಏಟು ಬಿದ್ದಿತ್ತು. ಯಜಮಾನರು ಪೇಪರಿನ ಒಳಹಾಳೆಯನ್ನು ಉದಾರವಾಗಿ ನನಗೆ ಬಿಟ್ಟುಕೊಟ್ಟು, ಆಮೇಲೆ ಅದನ್ನೇ ಮನೆಯೆಲ್ಲ ಹುಡುಕುತ್ತಿದ್ದರು. ಚಟ್ನಿಗೆ ಹುರಿಗಡಲೆ ಹಾಕುವ ಹೊತ್ತಿಗೆ ಫೋನು ಬಂತು. ಎದುರುಮನೆಯಲ್ಲಿದ್ದ ಕಾದಂಬರಿಕಾರ್ತಿ ಮೇಡಂ ಅವರ ಮಗಳು ಸುಮಾ. ಮೇಡಂ ತೀರಿಕೊಂಡು ಒಂದು ವರ್ಷವಾಯಿತು.

"ಆಂಟಿ, ಅಮ್ಮನ ದೊಡ್ಡ ಕಾದಂಬರಿ ಮತ್ತೆ ಪ್ರಿಂಟಾಗ್ತಿದೆ. ಅವರು ಬರೆದಿದ್ದ ಊರಿನ ನಕ್ಷೆ ಸಿಕ್ತು. ಅದ್ರಲ್ಲಿ ಬಾವಿಬೀದಿ ಮೂರನೇ ಮನೆ ಮೇಲೆ 'ಈ ಮನೆ ನನ್ನದಲ್ಲ' ಅಂತ ಪೆನ್ಸಿಲಲ್ಲಿ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿದಾರೆ. ಆ ಅಧ್ಯಾಯ ನೀವು ಬರೆದಿದ್ದಾ? ಹಾಗಿದ್ರೆ ನಿಮ್ಮ ಹೆಸರು ಹಾಕ್ಬೇಕಲ್ವಾ?"

"ಸಾಯಂಕಾಲ ಹೇಳ್ತೀನಿ ಕಣಮ್ಮ," ಎಂದೆ.

ಹೌದು ಅಥವಾ ಇಲ್ಲ ಎನ್ನುವುದಕ್ಕೆ ಇಡೀ ದಿನ ಬೇಕೇ ಎಂದು ನೀವು ಕೇಳಬಹುದು. ಬೇಕಾಯಿತು.

ತೊಂಬತ್ತರ ದಶಕದ ಮೊದಲಲ್ಲಿ ನಾವು ರಾಮಕೃಷ್ಣನಗರಕ್ಕೆ ಬಂದಾಗ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಎದುರುಮನೆ ಮೇಡಂ ಮಾತ್ರ ಆಗಲೇ ಕಾದಂಬರಿಗೆಂದು ಒಂದು ಊರನ್ನೇ ಕಟ್ಟಿ ಮುಗಿಸಿದ್ದರು, ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ. ಒಂಬತ್ತು ಹಾಳೆಗಳನ್ನು ಮೈದಾ ಅಂಟಿನಲ್ಲಿ ಜೋಡಿಸಿದ್ದ ನಕ್ಷೆ. ಐದು ಬೀದಿ, ಎರಡು ಬಾವಿ, ಪ್ರತಿ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಯಾರ ಮೇಲೆ ಸಿಟ್ಟು, ಎಲ್ಲ ಅದರಲ್ಲಿತ್ತು. ಸ್ವಂತ ಮನೆಯ ಗ್ಯಾಸ್ ಬುಕ್ಕು ಎಲ್ಲಿದೆ ಎಂಬುದು ಮಾತ್ರ ಅವರಿಗೆ ಗೊತ್ತಿರುತ್ತಿರಲಿಲ್ಲ.

ಸಂಶೋಧನೆಗೆ ನಾನು ಹತ್ತಿರದಲ್ಲೇ ಸಿಗುತ್ತಿದ್ದೆ. ಬಾವಿಯಿಂದ ಮನೆಗೆ ತುಂಬಿದ ಬಿಂದಿಗೆ ಹೊತ್ತು ಬರಲು ಎಷ್ಟು ಹೊತ್ತು ಬೇಕೆಂದು ತಿಳಿಯಲು, ಒಂದು ಮಧ್ಯಾಹ್ನ ನನ್ನ ಸೊಂಟಕ್ಕೆ ಹಿತ್ತಾಳೆ ಬಿಂದಿಗೆ ಏರಿಸಿ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಸಿದರು. ತಾವು ಕೈಗಡಿಯಾರ ಹಿಡಿದು ಹಿಂದೆ ಬಂದರು. ಮೂರನೆಯ ಸುತ್ತಿಗೆ ಪಕ್ಕದ ಮನೆಯ ಸ್ಟೆಲ್ಲಮ್ಮ ಕಾಂಪೌಂಡಿನ ಮೇಲಿಂದ, "ನಲ್ಲೀಲಿ ನೀರು ಬರ್ತಿಲ್ವಾ? ನಮ್ಮನೆಲಿ ಹಿಡ್ಕೊಳ್ರೀ, ಯಾಕೆ ಅಷ್ಟು ದೂರ ಹೋಗ್ತೀರಾ," ಎಂದರು.

ಒಂದು ದಿನ ಮೇಡಂ, "ಬಾವಿಬೀದಿ ಮೂರನೇ ಮನೆ ಖಾಲಿ ಇದೆ. ನಂಗೆ ಪುರಸೊತ್ತಿಲ್ಲ, ನೀವೇ ಯಾರನ್ನಾದ್ರೂ ಇರಿಸಿ," ಎಂದರು, ಬಾಡಿಗೆಗೆ ಕೊಡುವವರ ಹಾಗೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಇಂಗ್ಲಿಷಿನಲ್ಲಿ ರಜಾಚೀಟಿ ಬರೆಯುವುದನ್ನು ಅಚ್ಚುಕಟ್ಟಾಗಿ ಕಲಿಸಿದ್ದರು. ಕನ್ನಡದಲ್ಲಿ ನಾನು ಬರೆಯುತ್ತಿದ್ದದ್ದು ಸಾಮಾನಿನ ಪಟ್ಟಿ ಮಾತ್ರ. ಆದರೂ ಬರೆದೆ, ಎರಡು ವಾರದ ಮಧ್ಯಾಹ್ನಗಳಲ್ಲಿ. ಆ ಮನೆಯಲ್ಲಿ ತಾಯಮ್ಮ ಎಂಬ ವಿಧವೆಯನ್ನು ಇರಿಸಿದೆ. ಮೊಸರಿನ ಗೂಡಿಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಳ್ಳುವವಳು. ಸೊಸೆಗೆ ಜ್ವರ ಬಂದರೆ ಬೈಯುತ್ತಲೇ ಗಂಜಿ ಕುಡಿಸುವವಳು. ಅವಳನ್ನು ಹುಡುಕಿಕೊಂಡು ನಾನೇನೂ ದೂರ ಹೋಗಲಿಲ್ಲ. ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು, ನಮ್ಮ ಅತ್ತೆ.

ಬರೆದದ್ದನ್ನು ಓದಿ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ತಾಯಮ್ಮ ಬೆಳಿಗ್ಗೆ ಗಂಟೆ ಹೊಡೆದಾಗ ಎದ್ದಳು ಅಂದಿದೀರಿ. ಯಾವ ಗಂಟೆ?"

ಹತ್ತು ವರ್ಷ ಕಾನ್ವೆಂಟಿನಲ್ಲಿದ್ದವಳಿಗೆ ಬೆಳಗಾಗುವುದೆಂದರೆ ಚರ್ಚಿನ ಗಂಟೆ. ಅವರ ಊರಿನಲ್ಲಿ ಚರ್ಚೇ ಇಲ್ಲವೆಂಬುದು ನನ್ನ ತಲೆಗೆ ಬಂದಿರಲಿಲ್ಲ. ಆ ಸಾಲನ್ನು ಹೊಡೆದುಹಾಕುತ್ತೇನೆ ಎಂದೆ.

"ಬೇಡ. ಆ ಹೆಂಗಸು ಆ ಗಂಟೆಗೇ ಏಳೋಳು," ಎಂದವರು ನಕ್ಷೆಯಲ್ಲಿ ಚರ್ಚು ಕಟ್ಟಲು ಶುರುಮಾಡಿದರು. ಆರು ತಿಂಗಳು ಹಿಡಿಯಿತು. ಸ್ಟೆಲ್ಲಮ್ಮನ ಜೊತೆ ಹೋಗಿ ಅವರ ಕಡೆಯ ಹಿರಿಯರನ್ನೆಲ್ಲ ವಿಚಾರಿಸಿದರು, ಪಾದ್ರಿಗೆ ಒಂದು ಮನೆ ಕೊಟ್ಟರು, ಜಾಗ ಸಾಲದೆ ಒಬ್ಬ ದರ್ಜಿಯ ಸಂಸಾರವನ್ನು ಕೆರೆಬೀದಿಗೆ ಸಾಗಿಸಿದರು. ಆ ದರ್ಜಿ ಕಾದಂಬರಿಯಲ್ಲಿ ಎಲ್ಲೂ ಬರುವುದಿಲ್ಲ. ಆದರೂ ಎರಡು ದಿನ ಮೇಡಂ ಮಂಕಾಗಿದ್ದರು.

ತಿಂಗಳ ಮೊದಲ ಶನಿವಾರ ಮೇಡಂ ಅವರ ನಡುಮನೆಯಲ್ಲಿ ಒಬ್ಬ ಲೇಖಕಿಗೆ ಸನ್ಮಾನ ನಡೆಯುತ್ತಿತ್ತು. ಶಾಲು ಉಂಟು, ಹಾರ ಇಲ್ಲ; ಹಾರ ಹಾಕಿದರೆ ಫೋಟೋದಲ್ಲಿ ಮುಖ ಕಾಣುವುದಿಲ್ಲ. ಸನ್ಮಾನಿತರು ಗಂಡನಿಗೆ ಕೃತಜ್ಞತೆ ಹೇಳುವಂತಿಲ್ಲ ಎಂಬುದು ಇನ್ನೊಂದು ನಿಯಮ. ಅದರಲ್ಲೇ ಅರ್ಧ ಗಂಟೆ ಹೋಗುತ್ತೆ ಎನ್ನುತ್ತಿದ್ದರು. ಬರೆದ ಹೆಂಗಸು ತಾನು ಬರೆದೆ ಎಂದು ಎದ್ದು ನಿಂತು ಹೇಳಬೇಕು, ಅಷ್ಟೇ ಕಾರ್ಯಕ್ರಮ.

ಕಾದಂಬರಿ ಬಂದ ತಿಂಗಳು ಮೇಡಂ, "ಈ ಊರಿನ ಒಂದು ಮನೆ ನಾನು ಕಟ್ಟಿದ್ದಲ್ಲ. ಕಟ್ಟಿದೋರು ಇಲ್ಲೇ ಕೂತಿದಾರೆ. ಏಳ್ಬೇಕು," ಎಂದರು. ನನ್ನ ಪಕ್ಕದಲ್ಲೇ ಅತ್ತೆ ಕೋಡುಬಳೆ ಮುರಿಯುತ್ತಿದ್ದರು. ನಾನು ಏಳಲಿಲ್ಲ. ಮೇಡಂ ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಕಾಫಿ ತರಲು ಒಳಗೆ ಹೋದರು. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಅತ್ತೆ ಆ ಪುಸ್ತಕವನ್ನು ಮೂರು ಮಧ್ಯಾಹ್ನಗಳಲ್ಲಿ ಓದಿ ಮುಗಿಸಿ, "ಅಕ್ಷರ ಸಣ್ಣದಾಯ್ತು," ಎಂದರು. ನಾನು ಬದುಕಿದೆ ಎಂದುಕೊಂಡೆ.

ಈಗ ಅತ್ತೆಯೂ ಇಲ್ಲ, ಹೋಗಿ ನಾಲ್ಕು ವರ್ಷ. ಇನ್ನು ಒಪ್ಪಿಕೊಂಡರೆ ಬೈಯುವವರಿಲ್ಲ. ಬೈಯುವವರು ಹೋದಮೇಲೆ ಬರುವ ಧೈರ್ಯಕ್ಕೆ ಏನು ಬೆಲೆ ಎಂದು ಮಧ್ಯಾಹ್ನವೆಲ್ಲ ಅಕ್ಕಿ ಆರಿಸುತ್ತ ಯೋಚಿಸಿದೆ. ಅಕ್ಕಿಯಲ್ಲಿ ಕಲ್ಲೂ ಇರಲಿಲ್ಲ. ಕೊನೆಗೆ ಮನಸ್ಸು ನಿಂತದ್ದು ಆ ಪೆನ್ಸಿಲ್ ಗೆರೆಯ ಮೇಲೆ. ಯಾರೂ ನೋಡದ ಹಾಳೆಯಲ್ಲೂ ಮೇಡಂ ಇನ್ನೊಬ್ಬರ ಮನೆಯನ್ನು ತಮ್ಮದೆನ್ನಲಿಲ್ಲ. ನಾನು ಮಾತ್ರ ನನ್ನ ಮನೆಯನ್ನು ಅವರ ತಲೆಯ ಮೇಲೆ ಹೊರಿಸಿ, ಇಷ್ಟು ವರ್ಷ ಆರಾಮಾಗಿ ಅಡುಗೆ ಮಾಡಿಕೊಂಡಿದ್ದೆ.

ಐದೂವರೆಗೆ ಸುಮಾಳಿಗೆ ಫೋನು ಮಾಡಿ, "ಹೌದಮ್ಮ, ನಾನೇ ಬರೆದಿದ್ದು. ಹೆಸರು ಹಾಕು," ಎಂದೆ.

ರಿಸೀವರ್ ಇಡುವಾಗ ಸ್ಟೆಲ್ಲಮ್ಮ ಕರಿಬೇವಿಗೆ ಬಂದಿದ್ದರು. ಯಾರಿಗಾದರೂ ಎದುರೆದುರು ಹೇಳಬೇಕಿತ್ತು. ಮೇಡಂ ಪುಸ್ತಕದ ತಾಯಮ್ಮನ ಅಧ್ಯಾಯ ನನ್ನದು ಎಂದೆ.

"ಗೊತ್ತಿತ್ತು ಬುಡಿ," ಎಂದರು ಸ್ಟೆಲ್ಲಮ್ಮ, ಸೊಪ್ಪು ಮೂಸಿ ನೋಡುತ್ತ. "ನಿಮ್ಮತ್ತೆ ಅವಾಗ್ಲೇ ಪುಸ್ತಕ ಹಿಡ್ಕೊಂಡು ಬಂದು, 'ಇದು ನಾನು ಕಣೇ ಸ್ಟೆಲ್ಲಾ, ನಮ್ಮ ಹುಡುಗಿ ಬರೆದಿರೋದು' ಅಂತ ಬೀದಿಲಿ ಒಂದು ಮನೆ ಬಿಡದಂಗೆ ಓದಿ ಹೇಳಿದ್ರಲ್ಲ. ಒಂದೇ ಬೇಜಾರು ಅವರಿಗೆ, ನಮ್ಮ ಯಜಮಾನ್ರು ಪಕ್ಕದಲ್ಲೇ ಕೂತು ಮುದ್ದೆ ನುಂಗ್ತಿರುವಾಗ್ಲೇ ನನ್ನನ್ನ ವಿಧವೆ ಮಾಡ್ಬುಟ್ಳಲ್ಲ ಅಂತ."